ದಮ್ಮಡಿ ಡೊಳ್ಳಾದ ಮೇಲೆ: ಒಂದು ಹಳೇ ಹೆಡ್‌ಫೋನ್ ರಿಪೇರಿ, ಮೂರರ ಹೋಲಿಕೆ

ಮಾರ್ಚ್ ಕೊನೆಗೆ ಆಳಂದ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ನಾನು ಮಿಕ್ಸ್ ಮಾಡಿಕೊಟ್ಟ ತತ್ವಪದಗಳ ಪೆನ್‌ಡ್ರೈವನ್ನು ದೊಡ್ಡ ಸ್ಪೀಕರಿಗೆ ಹಚ್ಚಿದರು. ಮೊದಲ ಪದಕ್ಕೇ ನನ್ನ ಮುಖ ಕಪ್ಪಿಟ್ಟಿತು. ಹಾಡುವವರ ದನಿ ಎಲ್ಲೋ ಹಿಂದೆ ಉಳಿದು, ಮುಂದೆಲ್ಲ ದುಮ್ ದುಮ್. ಮೇಳದ ಹಿರಿಯರು ಬೈಯಲಿಲ್ಲ, ನಕ್ಕರು. "ಏನ್ ತಮ್ಮಾ, ನಮ್ಮ ದಮ್ಮಡಿನ ಡೊಳ್ಳು ಮಾಡೀಯಲ್ಲ!" ದಮ್ಮಡಿ ಅಂದರೆ ಕೈಯಲ್ಲಿ ಹಿಡಿದು ಬೆರಳಿನಿಂದ ನುಡಿಸುವ ಸಣ್ಣ ಚರ್ಮವಾದ್ಯ.

ನನ್ನದು ಕಲಬುರಗಿಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಬಿಡುವಿದ್ದಾಗ ಭಜನಾ ಮೇಳಗಳ ರೆಕಾರ್ಡಿಂಗ್. ಎಂಟು ವರ್ಷದಿಂದ ಒಂದೇ ಹೆಡ್‌ಫೋನ್, ಹಿಂದೆ ಮುಚ್ಚಿದ ಅಂದರೆ ಕ್ಲೋಸ್ಡ್ ಬ್ಯಾಕ್ ಜಾತಿಯದು. ಅದರ ಬ್ರ್ಯಾಂಡು ಇಲ್ಲಿ ಬೇಡ. ಎಂಟು ವರ್ಷ ನಮ್ಮ ಬೇಸಿಗೆಯ ಬೆವರು ಕುಡಿದ ಮೇಲೆ ಯಾವುದಾದರೂ ಹಾಗೇ ಆಗುತ್ತಿತ್ತು. ಕುಶನ್ನಿನ ಕಪ್ಪು ಸಿಪ್ಪೆ ಉದುರಿ ದಿನಾ ಕಿವಿಗೆ ಮೆತ್ತಿಕೊಳ್ಳುತ್ತಿತ್ತು, ಎಡಗಡೆ ಸದ್ದು ಬಂದು ಬಂದು ಹೋಗುತ್ತಿತ್ತು. ತಪ್ಪೆಲ್ಲ ಅದರದೇ ಎಂದುಕೊಂಡು ಹೊಸದು ಕೊಳ್ಳುವ ವಿಚಾರಕ್ಕೆ ಬಂದೆ. ಕೊಳ್ಳುವ ಮೊದಲು ಮೂರನ್ನು ಎರವಲು ತಂದು ಕೇಳಿ ನೋಡೋಣ, ಜೊತೆಗೆ ಹಳೇದನ್ನೂ ಬಿಚ್ಚಿ ನೋಡೋಣ ಅಂತ ಶುರುವಾದದ್ದು ಇದು.

ಏಪ್ರಿಲ್ 6, ಭಾನುವಾರ: ಮೊದಲ ಹೋಲಿಕೆ, ಪೂರ್ತಿ ದಂಡ

ತಂದ ಮೂರು ಇವು. ಗೆಳೆಯನೊಬ್ಬನ ಸೋನಿ ಎಂಡಿಆರ್-7506: 1991ರಿಂದ ಬರುತ್ತಿರುವ ಮಾಡಲ್, ನೀಲಿ ಪಟ್ಟಿ, ಸುರುಳಿ ವೈರು, 63 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಬೀದರಿನಿಂದ ಬಂದ ಅಕ್ಕನ ಮಗನ ಆಡಿಯೋ ಟೆಕ್ನಿಕಾ ಎಂ50ಎಕ್ಸ್: 45 ಮಿ.ಮೀ. ಡ್ರೈವರ್ (ಸದ್ದು ಹೊರಡಿಸುವ ಒಳಗಿನ ಪುಟ್ಟ ಸ್ಪೀಕರ್), 38 ಓಮ್, ವೈರು ಬಿಚ್ಚಿ ಹಾಕಬಹುದು. ಪರಿಚಯದ ಸ್ಟುಡಿಯೋದಿಂದ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 80 ಓಮಿನದು, ಬೂದು ಬಣ್ಣದ ಮಖಮಲ್ ಕುಶನ್.

ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಾಂಗಲ್ ಹಚ್ಚಿ, ವಾಲ್ಯೂಮ್ ಒಂದೇ ಕಡೆ ಇಟ್ಟು, ಒಂದಾದ ಮೇಲೊಂದು ಕೇಳಿದೆವು. ಅರ್ಧ ಗಂಟೆಗೆ ತೀರ್ಪು ಬರೆದೂ ಆಯಿತು: ಸೋನಿ ಎಲ್ಲಕ್ಕಿಂತ ಸ್ಪಷ್ಟ, ಎಂ50ಎಕ್ಸ್ ಪರವಾಗಿಲ್ಲ, ಬೇಯರ್ ಸಪ್ಪೆ. "ಮಾಮಾ, ಇಷ್ಟ್ ರೊಕ್ಕದ್ದು ಹಿಂಗ್ಯಾಕ ಸಪ್ಪಗ ಅದ?" ಅಂದ ಹುಡುಗ. ನಾನೂ ತಲೆಯಾಡಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ವಾಲ್ಯೂಮ್ ಒಂದೇ ಕಡೆ ಇಟ್ಟರೆ ಸದ್ದು ಒಂದೇ ಆಗುವುದಿಲ್ಲ. ಕಂಪನಿಗಳು ಕೊಟ್ಟ ಅಂಕಿ ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದೆ. ಡೆಸಿಬಲ್ ಅಂದರೆ ಸದ್ದಿನ ಮಟ್ಟದ ಅಳತೆ. ಒಂದು ಮಿಲಿವ್ಯಾಟಿಗೆ ಸೋನಿ 106 ಡೆಸಿಬಲ್, ಎಂ50ಎಕ್ಸ್ 99, ಬೇಯರ್ 96. ಓಮುಗಳನ್ನೂ ಸೇರಿಸಿ ಒಂದೇ ವೋಲ್ಟಿಗೆ ಇಳಿಸಿದರೆ ಸುಮಾರು 118, 113, 107. ಅಂದರೆ ಸೋನಿ ಬೇಯರಿಗಿಂತ 11 ಡೆಸಿಬಲ್ ಜೋರು! ಹನ್ನೊಂದು ಡೆಸಿಬಲ್ ಅಂದರೆ ಕಿವಿಗೆ ಹತ್ತಿರ ಹತ್ತಿರ ಎರಡು ಪಟ್ಟು. ಜೋರಾಗಿ ಮಾತಾಡಿದವನೇ ಶಾಣ್ಯಾ ಅಂತ ತೀರ್ಪು ಕೊಟ್ಟಂಗಾಗಿತ್ತು. ಆ ಹಾಳೆ ಹರಿದು ಹಾಕಿದೆ.

ಏಪ್ರಿಲ್ 7–8: ಹಳೇದನ್ನು ಬಿಚ್ಚಿದ್ದು

ಸಾಮಾನು: 25 ವ್ಯಾಟ್ ಸೋಲ್ಡರಿಂಗ್ ಐರನ್, ಫ್ಲಕ್ಸ್, ಮಲ್ಟಿಮೀಟರ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಸೂಪರ್ ಮಾರ್ಕೆಟಿನಿಂದ ತಂದ 3.5 ಮಿ.ಮೀ. ಪಿನ್ನು (40 ರೂಪಾಯಿ), ಎರಡು ಮೀಟರ್ ವೈರು (60 ರೂಪಾಯಿ).

ಮೊದಲು ಪಿನ್ನಿಗೆ ಮೀಟರ್ ಹಚ್ಚಿದೆ. ತುದಿ ಎಡ, ನಡುವಿನ ಉಂಗುರ ಬಲ, ಬುಡ ಎರಡಕ್ಕೂ ಸಾಮಾನ್ಯ. ಬಲಗಡೆ 33 ಓಮ್, ಕದಲಲಿಲ್ಲ. ಎಡಗಡೆ ಪಿನ್ನಿನ ಹತ್ತಿರ ವೈರು ಬಗ್ಗಿಸಿದರೆ ಅಂಕಿ ಹಾರುತ್ತಿತ್ತು. ಪಿನ್ನು ಕತ್ತರಿಸಿ ಹೊಸದು ಹಾಕಿದರೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಕಿವಿ ಮುಚ್ಚುವ ಕಪ್‌ಗೆ ವೈರು ಸೇರುವ ಜಾಗದಲ್ಲೂ ಎಳೆ ತುಂಡಾಗಿತ್ತು. ಹೀಗಾಗಿ ಪೂರ್ತಿ ವೈರನ್ನೇ ಬದಲಿಸುವ ಕೆಲಸ ಬಿತ್ತು.

ಹೆಡ್‌ಫೋನಿನ ವೈರು ಬಿಚ್ಚಿದವರಿಗೆ ಗೊತ್ತು, ಒಳಗಿನ ಎಳೆಗಳು ಕೂದಲಿನಷ್ಟು ಸಣ್ಣ, ಪ್ರತಿ ಎಳೆಗೂ ಬಣ್ಣದ ವಾರ್ನಿಷ್ ಲೇಪ. ಕೆಂಪು, ಹಸಿರು, ತಾಮ್ರದ ಬಣ್ಣ. ಆ ಲೇಪ ಹೋಗದೆ ಸೋಲ್ಡರ್ ಹಿಡಿಯುವುದಿಲ್ಲ. ನಾನು ಲೈಟರ್ ಹಚ್ಚಿದೆ. ಒಂದು ಸೆಕೆಂಡ್ ಹೆಚ್ಚಾಯಿತು, ಅರ್ಧ ಎಳೆಗಳು ಸುಟ್ಟು ಪುಡಿಯಾದವು, ಉಳಿದವು ಬಣ್ಣ ಹೋಗಿ ಎಲ್ಲವೂ ಒಂದೇ ಕಪ್ಪು. ಹೆಬ್ಬೆರಳೂ ಸುಟ್ಟಿತು. ಎರಡನೇ ಸಲ ಐರನ್ನಿನ ತುದಿಯಲ್ಲಿ ಸೋಲ್ಡರಿನ ಹನಿ ಮಾಡಿಕೊಂಡು, ಎಳೆಗಳ ತುದಿಯನ್ನು ಅದರೊಳಗೆ ಅದ್ದಿ ಹಿಡಿದೆ. ಹತ್ತು ಸೆಕೆಂಡಿಗೆ ಲೇಪ ಹೊಗೆಯಾಗಿ ಹೋಗಿ ತಾಮ್ರ ಬೆಳ್ಳಗಾಯಿತು. ಮೊದಲೇ ಹೀಗೆ ಮಾಡಬೇಕಿತ್ತು. ಆದರೆ ಮೊದಲ ಸಲ ಸುಟ್ಟ ಎಡಗಡೆಯ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿಯದೆ, ಅಂದಾಜಿನ ಮೇಲೆ "ಇದು ಕೆಂಪು ಇರಬೇಕು" ಅಂತ ಬೆಸೆದುಬಿಟ್ಟೆ. ಈ ಸೋಮಾರಿತನದ ಬಡ್ಡಿ ಹನ್ನೆರಡು ದಿನದ ಮೇಲೆ ಕಟ್ಟಿದೆ.

ಇನ್ನೊಂದು ತಪ್ಪು ಅದೇ ದಿನ. ಡ್ರೈವರ್ ಮುಂದೆ ತೆಳ್ಳನೆಯ ಫೋಮಿನ ಬಿಲ್ಲೆಯೊಂದಿತ್ತು, ಮುಟ್ಟಿದರೆ ಪುಡಿಪುಡಿ. ಬರೀ ಧೂಳು ತಡೆಯಲಿಕ್ಕೆ ಇಟ್ಟಿದ್ದು ಅಂತ ಕಸಕ್ಕೆ ಹಾಕಿದೆ. ಆಮೇಲೆ ಕೇಳಿದರೆ ತಾಳದ ಸದ್ದು ಸೂಜಿ ಚುಚ್ಚಿದ ಹಾಗೆ. ಅದು ಧೂಳಿಗಷ್ಟೇ ಅಲ್ಲ, ಮೇಲಿನ ಸ್ವರಗಳ ಚೂಪು ತಗ್ಗಿಸಲಿಕ್ಕೂ ಇತ್ತು. ಮೆಡಿಕಲ್ ಅಂಗಡಿಯಿಂದ ಗಾಯಕ್ಕೆ ಹಚ್ಚುವ ಕಾಗದದ ಟೇಪು (35 ರೂಪಾಯಿ) ತಂದು, ಡ್ರೈವರಿನ ಮುಂದಿನ ಜಾಲರಿಗೆ ಒಂದು ಪದರ ಅಂಟಿಸಿದೆ. ಎರಡು ಪದರಕ್ಕೆ ಮಂಕಾಯಿತು, ಒಂದಕ್ಕೆ ಬರೋಬರಿ.

ಏಪ್ರಿಲ್ 12: ಕುಶನ್, 380 ರೂಪಾಯಿ ನೀರಿಗೆ

ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಿದ ಕುಶನ್ ಬಂತು. ನಮ್ಮದು 95 ಮಿ.ಮೀ. ಉದ್ದ, 80 ಅಗಲದ ಮೊಟ್ಟೆಯಾಕಾರ. ಬಂದದ್ದು 90ರ ದುಂಡನೆಯದು. ಎಳೆದು ಕೂರಿಸಲು ಹೋಗಿ ಹೊಲಿಗೆ ಬಿಚ್ಚಿತು, ಹೀಗಾಗಿ ವಾಪಸ್ ಕಳಿಸುವ ಹಾದಿಯೂ ಬಂದ್. ತರಿಸುವ ಮೊದಲು ಸ್ಕೇಲ್ ಇಟ್ಟು ಅಳೆಯಲು ಒಂದು ನಿಮಿಷ ಸಾಕಿತ್ತು. ಅಳತೆ ನೋಡಿ ಇನ್ನೊಂದು ಜೋಡಿ ಹೇಳಿದೆ, 520 ರೂಪಾಯಿ.

ಏಪ್ರಿಲ್ 13, ಭಾನುವಾರ: ಹಲಗೆಗೆ ಕಿವಿ ಕೂರಿಸಿದ್ದು

ಮೂರರ ಸದ್ದನ್ನು ಒಂದೇ ಮಟ್ಟಕ್ಕೆ ತರಬೇಕಾದರೆ ಅಳೆಯಲು ಏನಾದರೂ ಬೇಕು. ಬಡಿಗೇರನ ಹತ್ತಿರ 12 ಮಿ.ಮೀ. ಪ್ಲೈವುಡ್ಡಿನ ಚೂರು ಪುಕ್ಕಟೆ ಸಿಕ್ಕಿತು, ಒಂದಡಿ ಚೌಕ. ನಡುವೆ ತೂತು ಕೊರೆದು, 20 ರೂಪಾಯಿಯ ಸಣ್ಣ ಎಲೆಕ್ಟ್ರೆಟ್ ಮೈಕನ್ನು ಅದರೊಳಗೆ ಮೇಲ್ಮೈಗೆ ಸಮನಾಗಿ ಕೂರಿಸಿ, ಸುತ್ತ ಫೆವಿಕ್ವಿಕ್ ಬಿಟ್ಟೆ. ಫೆವಿಕ್ವಿಕ್ ಒಳಗೆ ಇಳಿದು ಮೈಕಿನ ಬಾಯಿ ಮುಚ್ಚಿತು. ಅದಕ್ಕೇ ಎರಡು ತಂದಿದ್ದೆ. ಎರಡನೆಯದನ್ನು ಗ್ಲೂ ಗನ್ನಿನಿಂದ ಹಿಂದಿನಿಂದ ಹಿಡಿಸಿದೆ. ಮೈಕಿನ ವೈರು ಕೈ ರೆಕಾರ್ಡರಿಗೆ, ಅದು ಲ್ಯಾಪ್‌ಟಾಪಿಗೆ, ಅಲ್ಲಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶ.

ಮನೆಯವಳು ಬಾಗಿಲಲ್ಲಿ ನಿಂತು ನೋಡಿದಳು. "ಏನ್ರೀ, ರೊಟ್ಟಿ ಬಡೀಲಕತ್ತೀರೇನು ಅದರ ಮ್ಯಾಲ?" ಹಲಗೆಯ ಮೇಲೆ ಹೆಡ್‌ಫೋನಿನ ಒಂದು ಕಪ್ ಒತ್ತಿಟ್ಟು, ಮೇಲೆ ಒಂದು ಕೆ.ಜಿ. ತೊಗರಿಬೇಳೆ ಪ್ಯಾಕೆಟ್ ಹೇರಿದ್ದೆ, ಪ್ರತಿ ಸಲ ಒಂದೇ ಒತ್ತಡ ಬೀಳಲಿ ಅಂತ. ನಗು ಬರುವ ನೋಟವೇ ಸರಿ.

ಪಿಂಕ್ ನಾಯ್ಸ್, ಅಂದರೆ ಎಲ್ಲ ಸ್ವರವೂ ಬೆರೆತ ಸುಯ್ಯೆನ್ನುವ ಸದ್ದು, ಹಚ್ಚಿ ಅಳೆದಾಗ ಸೋನಿಗೂ ಬೇಯರಿಗೂ 10 ಡೆಸಿಬಲ್ ಫರಕು, ಸೋನಿಗೂ ಎಂ50ಎಕ್ಸಿಗೂ 4. ಕಾಗದದ ಲೆಕ್ಕಕ್ಕೆ ಹತ್ತಿರವೇ. ಹಾಡಿನ ಫೈಲಿನ ಮೂರು ಪ್ರತಿ ಮಾಡಿ, ಒಂದೊಂದನ್ನು ಅಷ್ಟಷ್ಟು ತಗ್ಗಿಸಿ ಹೆಸರಿಟ್ಟೆ. ಮೊದಲು ಬರೀ 1000 ಹರ್ಟ್ಜ್ ಸ್ವರ ಒಂದನ್ನೇ ಹಿಡಿದು ಸಮ ಮಾಡಿದ್ದೆ, ಅದು ಕೈಕೊಟ್ಟಿತು. ಆ ಒಂದು ಸ್ವರದಲ್ಲಿ ಯಾವುದೋ ಒಂದು ಸ್ವಲ್ಪ ತಗ್ಗಿದ್ದರೂ ಇಡೀ ಲೆಕ್ಕ ತಪ್ಪುತ್ತದೆ. 300ರಿಂದ 3000ದವರೆಗಿನ ಪಿಂಕ್ ನಾಯ್ಸ್‌ನಲ್ಲಿ ಸರಿಹೋಯಿತು.

ಈ ಹಲಗೆಯ ಮಿತಿಯನ್ನೂ ಹೇಳಬೇಕು. ಚಪ್ಪಟೆ ಹಲಗೆಗೆ ಕಿವಿಯ ಹಾಲೆಯೂ ಇಲ್ಲ, ರಂಧ್ರವೂ ಇಲ್ಲ. ಮೂರು ಸಾವಿರ ಹರ್ಟ್ಜ್ ದಾಟಿದ ಮೇಲೆ ಅದು ತೋರಿಸುವ ಏರಿಳಿತ ನಂಬಬಾರದು. ನಾನು ನಂಬಿ, ಎಂಟು ಸಾವಿರದ ಹತ್ತಿರ ಕಂಡ ತಗ್ಗನ್ನು ಇಕ್ವಲೈಸರಿನಿಂದ ತುಂಬಿಸಿ, ಒಂದು ಸಂಜೆಯೆಲ್ಲ ಹಲ್ಲು ಜುಮ್ಮೆನ್ನುವ ತಾಳ ಕೇಳಿದೆ. ಕೆಳಗಿನ ಸ್ವರಗಳಿಗೆ ಮಾತ್ರ ಹಲಗೆ ಪ್ರಾಮಾಣಿಕ.

ಏಪ್ರಿಲ್ 20, ಭಾನುವಾರ: ದನಿ ನಡುವೆ ನಿಲ್ಲುತ್ತಿಲ್ಲ

ಹಿಂದಿನ ದಿನ ಸರಿಯಾದ ಕುಶನ್ ಬಂದಿತ್ತು. ಹಾಕಿ ಕೇಳಿದೆ. ಏನೋ ಕೆಟ್ಟಿದೆ. ಒಂದೇ ಮೈಕಿನಲ್ಲಿ ಹಿಡಿದ ಹಾಡಿಕೆ ತಲೆಯ ನಡುವೆ ನಿಲ್ಲಬೇಕು. ಇಲ್ಲಿ ಹಾಡುವವರು ಎರಡಾಗಿ ಎರಡು ಭುಜದ ಹಿಂದೆ ಕೂತ ಹಾಗಿತ್ತು. ದಮ್ಮಡಿಗೆ ತೂಕವೇ ಇಲ್ಲ. ಕುಶನ್ ಮೇಲೆ ಗುಮಾನಿ ಬಂತು, ತೆಗೆದು ಹಾಕಿದೆ, ಟೇಪು ಬದಲಿಸಿದೆ, ಎರಡು ತಾಸು ಹೋಯಿತು. ಹಲಗೆಯ ಮೇಲಿಟ್ಟು ಅಳೆದರೆ ಎರಡೂ ಕಡೆಯ ಮಟ್ಟ ಒಂದೇ.

ಕೊನೆಗೆ ಒಂದೇ ಒಂದು "ಟಕ್" ಇರುವ ಫೈಲ್ ಮಾಡಿ ಎರಡೂ ಕಪ್ಪನ್ನು ಬೇರೆ ಬೇರೆ ರೆಕಾರ್ಡ್ ಮಾಡಿದೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ, ಬಲಗಡೆಯ ಅಲೆ ಮೊದಲು ಮೇಲಕ್ಕೆ ಎದ್ದಿದೆ, ಎಡಗಡೆಯದು ಮೊದಲು ಕೆಳಕ್ಕೆ ಇಳಿದಿದೆ. ಸುಟ್ಟು ಕಪ್ಪಾದ ಎಳೆ! ಎಡಗಡೆ ಪ್ಲಸ್ಸಿನ ಜಾಗಕ್ಕೆ ಮೈನಸ್ ಬೆಸೆದಿದ್ದೆ. ಒಂದು ಕಡೆಯ ಡ್ರೈವರಿನ ಪೊರೆ ಹೊರಗೆ ತಳ್ಳಿದಾಗ ಇನ್ನೊಂದು ಕಡೆಯದು ಒಳಗೆ ಎಳೆಯುತ್ತಿತ್ತು. ಎರಡು ಎಳೆ ಅದಲುಬದಲು ಮಾಡಲು ಐದು ನಿಮಿಷ. ಹಾಡುವವರು ಬಂದು ನಡುವೆ ಕೂತರು.

ಏಪ್ರಿಲ್ 21: ಕನ್ನಡಕ

ಇದು ಅಕಸ್ಮಾತ್ತಾಗಿ ಸಿಕ್ಕಿದ್ದು. ಪರದೆ ನೋಡಲು ನನಗೆ ಕನ್ನಡಕ ಬೇಕೇ ಬೇಕು. ಸೋನಿ ಹಾಕಿಕೊಂಡು ದಮ್ಮಡಿ ಕೇಳುತ್ತಿದ್ದಾಗ ಬೆವರು ಒರೆಸಲು ಕನ್ನಡಕ ತೆಗೆದೆ. ತೆಗೆದ ಕೂಡಲೇ ದಮ್ಮಡಿ ದಪ್ಪಗಾಯಿತು. ಹಾಕಿದೆ, ತೆಳ್ಳಗಾಯಿತು. ಮತ್ತೆ ತೆಗೆದೆ. ನಾಲ್ಕು ಸಲ ಹೀಗೇ ಮಾಡುತ್ತ ಕೂತದ್ದನ್ನು ನೋಡಿ ಮನೆಯವಳು ಒಳಗೆ ಹೋದಳು.

ಹಲಗೆಗೆ ಓಡಿದೆ. ಹಳೇ ಕನ್ನಡಕದ ಕಡ್ಡಿಯನ್ನು ಕುಶನ್ ಕೆಳಗೆ ಅಡ್ಡ ಇಟ್ಟು ಅಳೆದೆ. ಕಡ್ಡಿ 4 ಮಿ.ಮೀ. ದಪ್ಪದ ಪ್ಲಾಸ್ಟಿಕ್. 50 ಹರ್ಟ್ಜ್‌ನಲ್ಲಿ ಸೋನಿ 9 ಡೆಸಿಬಲ್ ಕಳೆದುಕೊಂಡಿತು, ಎಂ50ಎಕ್ಸ್ 6, ಬೇಯರ್ ಬರೀ 3. 500 ಹರ್ಟ್ಜ್ ದಾಟಿದ ಮೇಲೆ ಮೂರರಲ್ಲೂ ಫರಕಿಲ್ಲ. ಪಂಕ್ಚರ್ ಆದ ಟ್ಯೂಬಿಗೆ ಗಾಳಿ ಹೊಡೆದಂತೆ, ನಿಧಾನದ ತಳ್ಳಾಟವೆಲ್ಲ ಸಂದಿಯಿಂದ ಸೋರಿಹೋಗುತ್ತದೆ. ಸೋನಿಯ ಕುಶನ್ ತೆಳು, ಕಡ್ಡಿಯ ಸುತ್ತ ತುಂಬಿಕೊಳ್ಳಲು ಅದರಲ್ಲಿ ಮೆತ್ತೆ ಇಲ್ಲ. ಬೇಯರಿನ ಮಖಮಲ್ ಮೊದಲೇ ಗಾಳಿಯಾಡುವಂಥದು, ಹೀಗಾಗಿ ಕಡ್ಡಿ ಬಂದರೂ ಅದಕ್ಕೆ ಹೊಸದಾಗಿ ಕಳೆದುಕೊಳ್ಳುವುದು ಕಡಿಮೆ.

ಆಮೇಲೆ, ಹೆದರುತ್ತಲೇ, ಕಸದಿಂದ ನನ್ನ ಸಿಪ್ಪೆ ಸುಲಿದ ಹಳೇ ಕುಶನ್ ತೆಗೆದು ಹಾಕಿ, ಕಡ್ಡಿ ಇಟ್ಟು ಅಳೆದೆ. ಹೊಸ ಕುಶನ್ನಿಗಿಂತ 17 ಡೆಸಿಬಲ್ ಕಡಿಮೆ. ಅಷ್ಟು ಬೇಸ್ ಇಲ್ಲದೇ ನಾನು ಇಡೀ ಚಳಿಗಾಲ ಮಿಕ್ಸ್ ಮಾಡಿದ್ದೆ. ಕೇಳದ್ದನ್ನು ಕೇಳಿಸಲಿಕ್ಕೆ ನೂರು ಹರ್ಟ್ಜ್ ಕೆಳಗೆ 6 ಡೆಸಿಬಲ್ ಏರಿಸಿದ್ದು ಪ್ರಾಜೆಕ್ಟ್ ಫೈಲಿನಲ್ಲಿ ಇನ್ನೂ ಹಾಗೇ ಇದೆ. ಜಾತ್ರೆಯ ಡೊಳ್ಳು ಬಂದದ್ದು ಅಲ್ಲಿಂದ.

ಏಪ್ರಿಲ್ 27, ಭಾನುವಾರ, ಬೆಳಗಿನ ಐದೂವರೆ: ಖರೆ ಹೋಲಿಕೆ

ಹಗಲಿಗೆ 42 ಡಿಗ್ರಿ. ಕೂಲರ್ ಹಚ್ಚದೆ ಕೂರಲಾಗದು, ಹಚ್ಚಿದರೆ ಕೇಳಲಾಗದು. ಕ್ಲೋಸ್ಡ್ ಬ್ಯಾಕ್ ಹೊರಗಿನ ಸದ್ದು ತಡೆಯುತ್ತದೆ ಅನ್ನುವುದು ಅರ್ಧ ಮಾತು. ಒಳಗಿಂದ ಕರೆದರೆ ಕೇಳುವುದಿಲ್ಲ, ಆದರೆ ಕೂಲರಿನ ಗುಂಯ್ ಮಾತ್ರ ತಪ್ಪದೆ ಬರುತ್ತದೆ. ಮುಚ್ಚಿದ ಕಪ್ ಮೇಲಿನ ಸ್ವರಗಳನ್ನು ತಡೆದಷ್ಟು ಕೆಳಗಿನವನ್ನು ತಡೆಯದು. ಅದಕ್ಕೇ ನಸುಕಿನಲ್ಲಿ ಕೂತದ್ದು.

ಕಣ್ಣು ಮುಚ್ಚಿ ಹೆಸರು ಗೊತ್ತಿಲ್ಲದೆ ಕೇಳಬೇಕೆಂದಿದ್ದೆ. ಅಕ್ಕನ ಮಗ ಹಿಂದಿನಿಂದ ತಲೆಗೆ ಹಾಕುತ್ತ ಹೋದ. ಆದರೆ ಮಖಮಲ್ ಕಿವಿಗೆ ತಾಗಿದ ಕೂಡಲೇ ಬೇಯರ್ ಅಂತ ಗೊತ್ತು, ಬಿಗಿ ಹಿಡಿತ ಅಂದರೆ ಎಂ50ಎಕ್ಸ್, ಹಗುರ ಅಂದರೆ ಸೋನಿ. ಗುಟ್ಟು ಉಳಿಯಲಿಲ್ಲ. ಕೆಳಗಿನದನ್ನು ಆ ಮಟ್ಟಿಗೆ ರಿಯಾಯಿತಿ ಕೊಟ್ಟು ಓದಿ. ಕೇಳಿದ್ದು ನನ್ನದೇ ರೆಕಾರ್ಡಿಂಗ್: ಗುಡಿಯ ಪಡಸಾಲೆ, ಹಾಡಿಕೆ, ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ. ಅಲ್ಲಿ ನಾನೇ ಕೂತಿದ್ದೆ, ಹೇಗಿತ್ತು ಅನ್ನುವುದು ನೆನಪಿದೆ. ಈ ಸಲ ಕನ್ನಡಕವಿಲ್ಲ, ಸದ್ದು ಸಮ.

ಸೋನಿ: ತಪ್ಪು ಹುಡುಕುವ ಮಾಸ್ತರ. ಸ, ಶ, ಷ ಇರುವಲ್ಲೆಲ್ಲ ಉಸಿರು ಎದ್ದು ಕಾಣುತ್ತದೆ. ಹಾರ್ಮೋನಿಯಂ ತಿದಿಯ ಕಿರ್ರ್, ದಮ್ಮಡಿಯ ಚರ್ಮದ ಮೇಲೆ ಬೆರಳು ಜಾರಿದ್ದು, ಎರಡನೇ ಚರಣದ ಕೊನೆಗೆ ಗೋಡೆಯ ಹಲ್ಲಿ ಲೊಚಗುಟ್ಟಿದ್ದು. ಈ ಹಲ್ಲಿಯನ್ನು ನಾನು ಹಳೇದರಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತಾಸುಗಟ್ಟಲೆ ಕೇಳಿದರೆ ಕಿವಿ ದಣಿಯುತ್ತದೆ, ಆದರೆ ಕೆಲಸಕ್ಕೆ ಇದೇ.

ಎಂ50ಎಕ್ಸ್: ಕೇಳಲು ಖುಷಿ. ಏಕತಾರಿಯ ಶ್ರುತಿಗೆ ಒಂದು ಮೈ ಬರುತ್ತದೆ, ದಮ್ಮಡಿಗೆ ಇದ್ದುದಕ್ಕಿಂತ ಒಂದು ಗೇಣು ಹೆಚ್ಚು ಹೊಟ್ಟೆ. ನನ್ನ ಚಟಕ್ಕೆ ಮದ್ದು ಆದೀತು, ಇದರಲ್ಲಿ ಮಿಕ್ಸ್ ಮಾಡಿದರೆ ಬೇಸ್ ತಾನಾಗಿ ತಗ್ಗಿಸುತ್ತೇನೆ. ಆದರೆ ಹಾಡುವವರು ಒಂದು ಹೆಜ್ಜೆ ಹಿಂದೆ ಸರಿದಂತೆ. 285 ಗ್ರಾಂ, ಬಿಗಿ ಹಿಡಿತ. ಮುಕ್ಕಾಲು ತಾಸಿಗೆ ನೆತ್ತಿ ಮತ್ತು ಕಿವಿ ಎರಡೂ ತಕರಾರು ಹೇಳಿದವು.

ಬೇಯರ್: ಮೊದಲ ದಿನ ಸಪ್ಪೆ ಅಂದದ್ದಕ್ಕೆ ಕ್ಷಮೆ. ಮೂರರಲ್ಲೂ ಪಡಸಾಲೆ ಪಡಸಾಲೆಯಂತೆ, ಅಗಲವಾಗಿ ಕೇಳಿದ್ದು ಇದರಲ್ಲೇ. ಬೇಸ್ ಆಳಕ್ಕೆ ಇಳಿಯುತ್ತದೆ. ಕಿವಿಗೆ ಗಾಳಿಯಾಡುತ್ತದೆ, ನಮ್ಮ ಊರಿಗೆ ಇದು ಸಣ್ಣ ಮಾತಲ್ಲ. ತಾಳ ಮಾತ್ರ ಹರಿತ, ಬಡಿದಾಗಲೆಲ್ಲ ರೆಪ್ಪೆ ಹೊಡೆದುಕೊಳ್ಳುವಷ್ಟು. ಅಕ್ಕನ ಮಗನಿಗೆ ಹಾಗನಿಸಲಿಲ್ಲ. ಅವನಿಗೆ ಇಪ್ಪತ್ತು, ನನಗೆ ನಲವತ್ತಾರು, ಕಿವಿಯೂ ಬೇರೆ.

ಹಳೇದು, ಹೊಸ ಕುಶನ್ ಹಾಕಿದ್ದು: ಅಚ್ಚರಿ. ಮೇಲಿನ ಸ್ವರ ಮಬ್ಬು, ಹಲ್ಲಿ ಕೇಳುವುದಿಲ್ಲ. ಆದರೆ ನಡುವಿನ ದನಿ, ಹಾಡುವ ಅಜ್ಜ ಸಾಲು ಎತ್ತುವ ಮೊದಲು ಎಳೆದುಕೊಳ್ಳುವ ಉಸಿರು ಮತ್ತು ಮೊದಲ ಅಕ್ಷರದ ಒರಟು, ನಾನು ಎದುರು ಕೂತು ಕೇಳಿದಂತೆಯೇ ಇತ್ತು. ಇದನ್ನು ಮಾರುವ ಮಾತೇ ಇಲ್ಲ.

ಮೇ 4, ಭಾನುವಾರ: ಖರ್ಚು, ಮತ್ತು ಹಲ್ಲಿ

ಹೆಡ್‌ಫೋನ್ ಕೊಳ್ಳಲಿಲ್ಲ. ಕೊಂಡದ್ದು ಕನ್ನಡಕದ ಫ್ರೇಮು. ಅಂಗಡಿಯವನಿಗೆ "ಕಡ್ಡಿ ತಂತಿಯಂಗ ಸಣ್ಣ ಇರ್ಲಿ, ಚಂದ ಇಲ್ಲದಿದ್ರೂ ನಡೀತದ" ಅಂದೆ, ಒಂದು ಮಿ.ಮೀ. ದಪ್ಪದ ಲೋಹದ ಕಡ್ಡಿ, ಹಳೇ ಗಾಜನ್ನೇ ಕತ್ತರಿಸಿ ಕೂರಿಸಿ 700 ರೂಪಾಯಿ. ಹಲಗೆಯ ಮೇಲೆ ಅದರಿಂದ ಸೋನಿ ಕಳೆದುಕೊಂಡದ್ದು 2 ಡೆಸಿಬಲ್. ಎರಡು ಕುಶನ್ (ಒಂದು ದಂಡ), ಪಿನ್ನು, ವೈರು, ಎರಡು ಮೈಕು (ಒಂದು ದಂಡ), ಟೇಪು, ಫ್ರೇಮು ಸೇರಿ 1,775 ರೂಪಾಯಿ. ಸೋನಿಯನ್ನು ಗೆಳೆಯ ದೀಪಾವಳಿ ತನಕ ಇಟ್ಟುಕೋ ಅಂದಿದ್ದಾನೆ. ಹಳೇದರ ಎಡ ಹಿಂಜ್ ಕಿರುಗುಡುವುದು ಬಾಕಿ ಇದೆ, ಮೇಲಿನ ಪಟ್ಟಿಯ ರೆಕ್ಸಿನ್ನೂ ಹರಿದಿದೆ.

ಆ ಆರು ಡೆಸಿಬಲ್ ತೆಗೆದು, ಸೋನಿಯಲ್ಲಿ ಕಸ ಹುಡುಕಿ, ಹಳೇದರಲ್ಲಿ ದನಿ ನೋಡಿ ಮತ್ತೆ ಮಿಕ್ಸ್ ಮಾಡಿದೆ. ನಿನ್ನೆ ಹಳ್ಳಿಗೆ ಹೋಗಿ ಅದೇ ಸ್ಪೀಕರಿಗೆ ಹಚ್ಚಿಸಿದೆ. ದಮ್ಮಡಿ ದಮ್ಮಡಿಯಾಗಿತ್ತು. ಹಲ್ಲಿಯನ್ನೊಂದು ಬಿಟ್ಟಿದ್ದೆ, ತೆಗೆದರೆ ಕೊನೆಯ ಅಕ್ಷರದ ಬಾಲವೂ ಕತ್ತರಿಸುತ್ತಿತ್ತು. ಎರಡನೇ ಚರಣ ಮುಗಿದು ಲೊಚ್ ಲೊಚ್ ಅಂದಾಗ ನಾನು ಮೊದಲೇ ತಪ್ಪೊಪ್ಪಿಕೊಂಡೆ: "ಅದೊಂದು ಹಲ್ಲಿ ಉಳಿದದರಿ ಅಜ್ಜಾರ, ತೆಗೀತೀನಿ."

ಹಿರಿಯರು ಕೈ ಅಡ್ಡ ಮಾಡಿದರು. "ಏ, ಇರ್ಲಿ ತಮ್ಮಾ. ಪದಕ್ಕ ಹಲ್ಲಿ ನುಡದದ, ತೆಗೀಬ್ಯಾಡ."